ಊಟದ ಪ್ಯಾರಾ

ನಮ್ಮ ಸೋದರಮಾವ ಕೂತು ಕಾಫಿ ಕುಡಿದದ್ದನ್ನು ನಾನು ನೋಡಿಯೇ ಇಲ್ಲ. ಲೋಟ ಹಿಡಿದು ಪಡಸಾಲೆಯುದ್ದಕ್ಕೂ ಓಡಾಡುವರು. ಅವರಕ್ಕ, ಅಂದರೆ ನಮ್ಮಮ್ಮ, ಬಟ್ಟೆ ಹಿಡಿದು ಹಿಂದೆಯೇ ಒರೆಸುತ್ತಾ, "ಕುಂತ್ಕಂಡ್ ಕುಡಿಲಾ, ನೆಲಕ್ಯಾಕೆ ಕುಡಿಸ್ತೀಯೆ?" ಎನ್ನುವರು.

ಮಾವ ಮದ್ದೂರಿನ ಹೆಲ್ತ್ ಆಫೀಸರ್. ನಾಲೆ ನೀರಿನ ಬೆನ್ನಿಗೇ ಮಲೇರಿಯಾ ಬಂದಿದ್ದ ಕಾಲ. ಹಳ್ಳಿಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಒತ್ತುವರು. ಎಡಪಕ್ಕೆಯ ಕೆಳಗೆ ಜ್ವರಗಡ್ಡೆ, ಅಂದರೆ ಮಲೇರಿಯಾಕ್ಕೆ ಊದಿದ ಗುಲ್ಮ, ಕೈಗೆ ಸಿಕ್ಕರೆ ಕ್ವಿನೈನ್ ಮಾತ್ರೆ. ಮೈಸೂರಿನ ಕಾನ್ವೆಂಟಿನಲ್ಲಿದ್ದ ನಾನು ರಜೆಯಲ್ಲಿ ಅವರ ರಿಪೋರ್ಟುಗಳನ್ನು ಇಂಗ್ಲಿಷಿನಲ್ಲಿ ಬರೆಯುವ ಸೆಕ್ರೆಟರಿ. "ನಿನ್ ಹ್ಯಾಂಡ್‌ರೈಟಿಂಗ್ ನೋಡುದ್ರೆ ಸಾಹೇಬ್ರು ಎದರ್ಕತ್ತಾರೆ ಕಣವ್ವ" ಎನ್ನುವರು.

ಬೆಸಗರಹಳ್ಳಿಯಲ್ಲಿ ಒಂದು ಬೆಳಿಗ್ಗೆ ಯಾವ ಮಗುವಿನ ಗಡ್ಡೆಯೂ ಸಿಗಲಿಲ್ಲ. ಹೊಟ್ಟೆಗಳೆಲ್ಲ ತಮಟೆಯಂತೆ ಬಿಗಿದಿದ್ದವು.

"ನಮ್ ಮಕ್ಳು ಉಪಾಸ ಅವೆ ಅಂತ ಬರ್ಕಳಾಕ್ ಬಂದಿದ್ದೀರಾ? ಎರಡೆರಡು ಮುದ್ದೆ ಇಕ್ಕಿವ್ನಿ, ಒತ್ ನೋಡಿ ಸ್ವಾಮಿ!" ಎಂದಳು ಒಬ್ಬ ತಾಯಿ.

ನಾನು ನಕ್ಕುಬಿಟ್ಟೆ. ಮಾವ ನಗಲಿಲ್ಲ. "ಸಂಜೆಗೇನವ್ವ?" ಎಂದರು.

ಮಾನ ಉಳಿಸಿಕೊಳ್ಳಲು ಊರವರು ಇಡೀ ದಿನದ ಹಿಟ್ಟನ್ನು ಬೆಳಿಗ್ಗೆಯೇ ಬೇಯಿಸಿ ಮುಗಿಸಿದ್ದರು.

ಅಂದಿನಿಂದ ಮಾವನ ರಿಪೋರ್ಟಿಗೆ ಒಂದು ಪ್ಯಾರಾ ಸೇರಿತು: ಸ್ಕೂಲಿನಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ. ಇದು ಹೆಲ್ತ್‌ಗೆ ಸೇರಿದ್ದಲ್ಲ ಎಂದು ಮೇಲಿನವರು ಹೊಡೆದುಹಾಕಿದರು. ಮಾವ ಮತ್ತೆ ಬರೆಸಿದರು. ಅವರು ಮತ್ತೆ ಹೊಡೆದರು. ರಜೆಯಿಂದ ರಜೆಗೆ ನನ್ನ ಇಂಗ್ಲಿಷ್ ಸುಧಾರಿಸಿತು, ಊಟ ಮಾತ್ರ ಬರಲಿಲ್ಲ.

"ಬಿಟ್ಬಿಡಿ ಮಾವ, ಪ್ರಮೋಶನ್ ತಪ್ಪುತ್ತೆ" ಎಂದೆ ಒಮ್ಮೆ.

"ಒಟ್ಟೆ ತುಂಬಿದೋರ ಮಾತು ಕಣವ್ವ ಇದು. ಬರಿ, ಬರಿ."

ನಲವತ್ತೇಳನೇ ಇಸವಿಯಲ್ಲಿ ದೇಶಕ್ಕೆಲ್ಲ ಆರೋಗ್ಯದ ಯೋಜನೆ ಬರೆಯುವ ಕಮಿಟಿಗೆ ಅವರನ್ನು ಡೆಲ್ಲಿಗೆ ಕರೆದರು. ಮದ್ದೂರು ಸ್ಟೇಷನ್ನಿನಲ್ಲಿ, ರೈಲು ಬರುವ ಹೊತ್ತಿಗೆ, "ಅಳೇ ಪ್ಯಾರಾ ಸಪ್ಪೆ, ಇನ್ನೊಂದ್ಸಲ ಬರಿ" ಎಂದು ಬೆಂಚಿನ ಮೇಲೆ ಕಾಗದ ಹರಡಿದರು. ಅರ್ಧ ಬರೆಯುವುದರೊಳಗೆ ರೈಲು ಬಂತು, ಗಾರ್ಡ್ ಸೀಟಿಯನ್ನೂ ಊದಿದ. ಇಂಕು ಆರದ ಹಾಳೆ ಕಿತ್ತುಕೊಂಡು ಮಾವ ಓಡಿ ಹತ್ತಿದರು.

"ಉಳಿದಿದ್ದ ಬಾಯಲ್ಲೇ ಏಳ್ತೀನಿ ಬುಡು!"

ಮತ್ತೆ ಅವರನ್ನು ನೋಡಲಿಲ್ಲ. ಡೆಲ್ಲಿಯ ಚಳಿ, ನ್ಯುಮೋನಿಯಾ. ಕಮಿಟಿಯ ಅಚ್ಚಾದ ರಿಪೋರ್ಟು ಅಂಚೆಯಲ್ಲಿ ಬಂದಾಗ ನಿಂತಲ್ಲೇ ಪುಟ ಮಗುಚಿದೆ. ನನ್ನ ಚೆಂದದ ಪ್ಯಾರಾ ಎಲ್ಲೂ ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಒಂದೇ ಸಾಲು: ಹಸಿದ ಮಗುವಿಗೆ ಕ್ವಿನೈನ್ ಕೊಡುವುದು ದಂಡ; ಮೊದಲು ಊಟ ಕೊಡಿ.

ಅಷ್ಟು ಒರಟು ಇಂಗ್ಲಿಷ್ ನಾನು ಬರೆದವಳೇ ಅಲ್ಲ.