ಟ್ರಾಮಿಗೆ ಬಳಿದ ತಪ್ಪು ನೀಲಿ

ಡಬ್ಲಿನ್ನಿನ ಆ ಹಳೆಯ ಟ್ರಾಮು ಹೊಲದಲ್ಲಿ ಸಿಕ್ಕಾಗ ಕೋಳಿಗೂಡಾಗಿತ್ತಂತೆ. ಅದನ್ನು ಮೊದಲಿನಂತೆ ಮಾಡಿ ಪ್ರದರ್ಶನಕ್ಕಿಡಬೇಕೆಂದು ಮೇನೂತ್ ಎಂಬ ಊರಿನ ಹತ್ತಿರದ ಒಂದು ಶೆಡ್ಡಿನಲ್ಲಿ ಮೂವರು ನಿವೃತ್ತರು ವರ್ಷಗಟ್ಟಲೆ ಉಜ್ಜುತ್ತಿದ್ದರು. ಕೊರೊನಾ ಕಾಲ. ಮನೆಯಿಂದಲೇ ಕಂಪನಿ ಕೆಲಸ ಮಾಡಿ ಮಾಡಿ ನಾನು ಗೋಡೆಗಳ ಜೊತೆ ಜಗಳ ಶುರುಮಾಡಿದ್ದೆ. ನಿರ್ಬಂಧ ತುಸು ಸಡಿಲವಾದದ್ದೇ ಆ ಶೆಡ್ಡಿಗೆ ಹೋಗಿ ಸೇರಿಕೊಂಡೆ. ಟ್ರಾಮಿನ ಮೇಲೆ ಪ್ರೀತಿಯೇನೂ ಇರಲಿಲ್ಲ, ಮನೆಯಿಂದ ಹೊರಬೀಳಲು ನೆಪ ಬೇಕಿತ್ತು.

ಆ ಮೂವರಲ್ಲಿ ಹಿರಿಯರಾದ ಶೆಡ್ಡಿನ ಯಜಮಾನರಿಗೆ ಎಂಬತ್ತು ದಾಟಿತ್ತು. ಅವರ ತಂದೆ ಇಂಥದೇ ಟ್ರಾಮಿನಲ್ಲಿ ಕಂಡಕ್ಟರ್ ಆಗಿದ್ದವರು. ಅಪ್ಪನ ಕಾಲದ ಬಣ್ಣದಲ್ಲಿ ಟ್ರಾಮನ್ನು ಇನ್ನೊಮ್ಮೆ ನೋಡಬೇಕು, ಅದೊಂದೇ ಅವರ ಹಟ. ಆದರೆ ಆಗ ಎಪ್ಪತ್ತು ದಾಟಿದವರು ಹೊರಗೆ ಬರುವಂತಿರಲಿಲ್ಲ. ಹಾಗಾಗಿ ಬಣ್ಣ ಬಳಿದ ಹಲಗೆಯನ್ನು ನಾನೇ ಅವರ ಮನೆಗೆ ಒಯ್ದು, ತೋಟದಲ್ಲಿ ನಿಂತು ಎತ್ತಿ ಹಿಡಿಯುತ್ತಿದ್ದೆ. ಅವರು ಕಿಟಕಿಯ ಒಳಗಿನಿಂದ ನೋಡಿ ಬೇಕು, ಬೇಡ ಎನ್ನುತ್ತಿದ್ದರು. ಪಕ್ಕದ ಮನೆಯಾಕೆ ಎರಡು ದಿನ ನೋಡಿ, ನಾನು ಯಾವುದೋ ಮುಷ್ಕರಕ್ಕೆ ನಿಂತಿದ್ದೇನೆಂದು ತಿಳಿದು ಚಹಾ ತಂದು ಬೇಲಿಯ ಮೇಲಿಟ್ಟರು.

ಸರಿಯಾದ ಬಣ್ಣ ನನಗೆ ಗೊತ್ತಿತ್ತು. ಹಿತ್ತಾಳೆಯ ಹಿಡಿಕೆಯೊಂದನ್ನು ಬಿಚ್ಚಿದಾಗ ಅದರಡಿ ಅಂಗೈಯಗಲ ಹಳೆಯ ಬಣ್ಣ ಉಳಿದಿತ್ತು, ಗಾಢವಾದ ಶಾಯಿ ನೀಲಿ. ಅದನ್ನೇ ಕಲಸಿ ಮೊದಲ ಹಲಗೆ ಒಯ್ದೆ. "ಇದು ಕಪ್ಪು," ಎಂದರು. ಎರಡನೆಯದು ತುಸು ತಿಳಿ. ಅದೂ ಕಪ್ಪಂತೆ. ಏಳನೆಯ ಹಲಗೆ ಎತ್ತಿದಾಗ ಕಿಟಕಿಯ ಗಾಜಿಗೆ ಎರಡೂ ಕೈ ಊರಿ, "ಇದೇ! ನಮ್ಮಪ್ಪನ ಟ್ರಾಮು ಇದೇ!" ಎಂದು ಅತ್ತುಬಿಟ್ಟರು. ಅದು ಮದುವೆಮನೆಯ ಪ್ಲಾಸ್ಟಿಕ್ ಕುರ್ಚಿಯ ನೀಲಿಯಾಗಿತ್ತು.

ನನ್ನ ಗಂಡ ಡ್ರೋಹೆಡಾದ ಆಸ್ಪತ್ರೆಯಲ್ಲಿ ಡಾಕ್ಟರ್. ಕಥೆ ಕೇಳಿ ನಕ್ಕ.

"ಕಣ್ಣಿಗೆ ಪೊರೆ ಬಂದಿದೆ ಕಣೇ. ಪೊರೆ ಬಂದ್ರೆ ನೀಲಿ ಎಲ್ಲಾ ಮಂಕಾಗಿ ಕಾಣ್ಸತ್ತೆ. ಕೊರೊನಾ ಅಂತ ಆಪರೇಶನ್ ಮುಂದಕ್ಕೆ ಹೋಗಿರ್ಬೇಕು. ಹೋಗಿ ಹೇಳು."

"ಅಷ್ಟು ದೊಡ್ಡವ್ರಿಗೆ, ನಿಮ್ಮ ಕಣ್ಣು ಸರಿ ಇಲ್ಲ ಅಂತ ಹೇಳ್ಲಾ?"

"ನಂಗೆ ದಿನಾ ಹೇಳ್ತೀಯಲ್ಲ!"

"ನೀನೇನು ದೊಡ್ಡವನಾ?"

ನಾನು ಮುಂಗೋಪಿ, ಆಫೀಸಿನಲ್ಲಿ ಮ್ಯಾನೇಜರನ್ನೇ ಹುರಿದು ಮುಕ್ಕುವವಳು. ಆದರೆ ಹಿರಿಯರ ಮುಂದೆ ಬಾಯಿಗೆ ಬೀಗ. ಈದ್ ದಿನ ನಮ್ಮಜ್ಜಿ ಬಿರಿಯಾನಿಗೆ ಎರಡು ಸಲ ಉಪ್ಪು ಹಾಕಿದರೂ ಇಡೀ ಮನೆ ಚಪ್ಪರಿಸಿ ತಿಂದು, ಚೊಂಬುಗಟ್ಟಲೆ ನೀರು ಕುಡಿಯುತ್ತಿತ್ತು. ಇನ್ನಿಬ್ಬರು ನಿವೃತ್ತರಾದರೂ ಹೇಳುತ್ತಾರೆಂದು ಹಲಗೆ ತೋರಿಸಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಗ್ರ್ಯಾಂಡ್," ಎಂದು ಬ್ರಷ್ ಹುಡುಕಲು ಹೋದರು. ಇಲ್ಲಿನವರು ಮನೆಗೆ ಬೆಂಕಿ ಬಿದ್ದರೂ ಗ್ರ್ಯಾಂಡ್, ಅಂದರೆ ಎಲ್ಲ ಚೆನ್ನಾಗಿದೆ, ಎನ್ನುವ ಪೈಕಿ. ಹೀಗೆ ಕಣ್ಣು ಚೆನ್ನಾಗಿರುವ ಮೂವರು ಸೇರಿ ಆ ನೀಲಿಯನ್ನು ಮೂರು ಕೋಟು ಬಳಿದೆವು.

ಮರುವರ್ಷ ಪ್ರದರ್ಶನ. ಶೆಡ್ಡಿನ ಅಂಗಳದಲ್ಲಿ ಮಾಸ್ಕ್ ಹಾಕಿದ ಮಂದಿ ದೂರ ದೂರ ನಿಂತಿದ್ದರು. ಯಜಮಾನರು ಯಾರ ಕೈಯನ್ನೂ ಹಿಡಿಯದೆ, ಸರಸರ ನಡೆದು ಬಂದರು. ಹಿಂದಿನ ತಿಂಗಳು ಕಣ್ಣಿನ ಆಪರೇಶನ್ ಆಯಿತೆಂದು ಅವರು ಖುಷಿಯಿಂದ ಹೇಳಿದರು. ಟ್ರಾಮಿಗೆ ಹೊದಿಸಿದ್ದ ಪರದೆಯನ್ನು ಇನ್ನಿಬ್ಬರು ನಿವೃತ್ತರು ಸರಿಸಿದರು.

ಯಜಮಾನರು ಹತ್ತಿರ ಹೋಗಿ ಹಲಗೆಯ ಮೇಲೆ ಬೆರಳಾಡಿಸಿದರು.

"ಇದ್ಯಾವ ಬಣ್ಣ?"

"ನೀವೇ ಆರಿಸಿದ್ದು ಸರ್," ಎಂದೆ.

"ನನಗೆ ಕಣ್ಣು ಕಾಣ್ತಿರ್ಲಿಲ್ಲ. ನಿಮಗೆಲ್ಲ ಏನಾಗಿತ್ತು?"

ಇಬ್ಬರು ನಿವೃತ್ತರು ತಮ್ಮ ಬೂಟು ನೋಡಿಕೊಂಡರು. ನಾನು ಸ್ಕ್ರೂಡ್ರೈವರ್ ತಂದು ಹಿತ್ತಾಳೆಯ ಹಿಡಿಕೆ ಬಿಚ್ಚಿ ತೋರಿಸಿದೆ. ಅವರು ಆ ಶಾಯಿ ನೀಲಿಯ ಮೇಲೆ ಹೆಬ್ಬೆರಳಿಟ್ಟರು.

"ಇದು ನಿನಗೆ ಯಾವಾಗ ಸಿಕ್ತು?"

"ಹೋದ ವರ್ಷ."

"ಒಂದು ವರ್ಷ ಇದು ಇಲ್ಲೇ ಇತ್ತು. ನನ್ನ ಹತ್ರ ಇನ್ನೆಷ್ಟು ವರ್ಷ ಇದೆ ಅಂದ್ಕೊಂಡಿದ್ದೀಯ?"

ನಾಚಿಕೆಯಿಂದ ಸತ್ತೇ ಹೋಗಬೇಕೆನಿಸಿತು. ನಾನು ಮರ್ಯಾದೆ ಎಂದುಕೊಂಡು ಮಾಡಿದ್ದು ಆ ಮುದುಕರ ಆಯಸ್ಸಿನಲ್ಲಿ ಒಂದು ವರ್ಷ ಕಳೆದಿತ್ತು.

ಮರುದಿನವೇ ಎಲ್ಲರೂ ಸ್ಯಾಂಡ್ ಪೇಪರ್ ಹಿಡಿದು ನೀಲಿ ಕೆರೆಯಲು ಕುಳಿತೆವು. ಕೆರೆದು ಮುಗಿಯಲು ವಾರಗಳೇ ಹಿಡಿದವು. ಶಾಯಿ ನೀಲಿಯ ಮೊದಲ ಕೋಟನ್ನು ತಾವೇ ಹಚ್ಚುವುದಾಗಿ ಯಜಮಾನರು ಬ್ರಷ್ ತೆಗೆದುಕೊಂಡರು. ಬಾಗಿಲಿನ ಪಕ್ಕದ ಹಲಗೆಗೆ ಬಳಿದು, ಒಂದು ಹೆಜ್ಜೆ ಹಿಂದೆ ಸರಿದು ಕೇಳಿದರು.

"ಚೆನ್ನಾಗಿದೆ ಅಲ್ವಾ?"

ಇಬ್ಬರು ನಿವೃತ್ತರು ಆಗಲೇ "ಗ್ರ್ಯಾಂಡ್" ಎನ್ನಲು ಬಾಯಿ ತೆರೆದಿದ್ದರು.

"ಇಲ್ಲ ಸರ್," ಎಂದೆ. "ತುಂಬಾ ದಪ್ಪ ಹಚ್ಚಿದ್ದೀರಿ. ಕೆಳಗಡೆ ಸೋರ್ತಿದೆ."

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಹಲಗೆಯ ಹತ್ತಿರ ಬಗ್ಗಿ ನೋಡಿ, ಚಿಂದಿ ಬಟ್ಟೆ ಕೇಳಿ ಇಸಿದುಕೊಂಡು, ಅಷ್ಟನ್ನೂ ಒರೆಸಿ, ಮೇಲಿನಿಂದ ಮತ್ತೆ ಶುರುಮಾಡಿದರು.