ನಿಂತ ಮೇಲೆ ಬರೆದ ವಿಮರ್ಶೆ

ಆ ಧಾರಾವಾಹಿ ಎಂಬತ್ತೈದನೇ ಕಂತಿಗೆ ನಿಂತಿತು. ಜನವರಿ ಎಂಟರ ಸೋಮವಾರ ಶುರುವಾದದ್ದು ಮೇ ಮೂರರ ಶುಕ್ರವಾರ ಮುಗಿಯಿತು. ಮುಗಿಯಿತು ಅನ್ನುವುದು ತಪ್ಪು. ಮುಂದಿನ ಸೋಮವಾರ ಸಂಜೆ ಆರೂವರೆಗೆ ನಾನೂ ಅವ್ವನೂ ಟಿವಿ ಮುಂದೆ ಕೂತಾಗ ಅದರ ಜಾಗದಲ್ಲಿ ಬೇರೆ ಭಾಷೆಯಿಂದ ಡಬ್ ಮಾಡಿದ ಒಂದು ಪುರಾಣದ ಕಥೆ ಬರುತ್ತಿತ್ತು. ಮೊದಲೇ ಯಾರೂ ಏನೂ ಹೇಳಿರಲಿಲ್ಲ. ತಪ್ಪೆಲ್ಲ ರಿಮೋಟಿನದು ಅನ್ನುವ ಹಾಗೆ ಅವ್ವ ಅದನ್ನು ಅಂಗೈಗೆ ಎರಡು ಸಲ ಕುಟ್ಟಿದಳು.

"ಚಾನೆಲ್ ಸರಿಯಾಗಿ ಹಾಕಿದ್ದೀಯೇನೇ?"

"ಅದೇ ಚಾನೆಲ್ಲು ಕಣವ್ವ."

"ಮತ್ತೆ ಇವ್ರ್ಯಾರು ಕಿರೀಟ ಹಾಕ್ಕೊಂಡು ನಿಂತವ್ರೆ? ನಮ್ ಬಸ್‌ಸ್ಟ್ಯಾಂಡಿಗೆ ಏನಾಯ್ತು?"

ಚನ್ನಪಟ್ಟಣದ ನಮ್ಮ ಮನೆಯಲ್ಲಿ ಅದಕ್ಕೆ ಬಸ್‌ಸ್ಟ್ಯಾಂಡ್ ಸೀರಿಯಲ್ ಎಂದೇ ಹೆಸರು. ರೈಲು ಬಾರದ ಒಂದು ಸಣ್ಣ ಊರಿನ ಬಸ್ ನಿಲ್ದಾಣ, ಅಲ್ಲಿ ಬಸ್ಸುಗಳ ಹೊತ್ತು ಬರೆದುಕೊಳ್ಳುವ ಕೆಲಸದ ಹುಡುಗಿ, ಅವಳ ಕಿಟಕಿಯ ಮುಂದೆ ಹಾದುಹೋಗುವ ಜನ. ಇಷ್ಟೇ ಕಥೆ. ಚಿತ್ರೀಕರಣ ಮಾಗಡಿಯ ಸುತ್ತಮುತ್ತ ನಡೆದಿತ್ತು. ಅದರಲ್ಲಿ ಜನ ನಮ್ಮ ಹಾಗೆಯೇ ಮಾತನಾಡುತ್ತಿದ್ದರು. ಬೇರೆ ಧಾರಾವಾಹಿಗಳಲ್ಲಿ ಐತೆ, ಬತ್ತೀನಿ ಅನ್ನುವವರು ಮನೆಗೆಲಸದವರೋ ಕುಡುಕರೋ ಆಗಿರುತ್ತಾರೆ. ಇದರಲ್ಲಿ ನಾಯಕಿಯೇ ಹಾಗೆ ಮಾತನಾಡುತ್ತಿದ್ದಳು, ಮತ್ತು ಅದಕ್ಕಾಗಿ ಯಾರೂ ನಗುತ್ತಿರಲಿಲ್ಲ.

ನಾನು ಲೆಕ್ಕ ಇಡುವವಳು. ಪಿಯುಸಿಯಿಂದಲೂ ಧಾರಾವಾಹಿ ನೋಡಿದ ಮೇಲೆ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯುವುದು ರೂಢಿ. ದಿನಾಂಕ, ಕಂತಿನ ಸಂಖ್ಯೆ, ಜಾಹೀರಾತು ಕಳೆದು ಎಷ್ಟು ನಿಮಿಷ, ಯಾರ ಅಭಿನಯ ಚೆನ್ನಾಗಿತ್ತು. ಕೊನೆಯಲ್ಲಿ ಒಂದು ಎಣಿಕೆ: ಆಘಾತದ ಸುದ್ದಿ ಕೇಳಿದ ಒಂದೇ ಮುಖವನ್ನು ಗುಡುಗಿನ ಸದ್ದಿನೊಂದಿಗೆ ಮೂರು ಸಲ ತೋರಿಸಿದ್ದು ಎಷ್ಟು ಬಾರಿ. ಕೆಲವು ಧಾರಾವಾಹಿಗಳಲ್ಲಿ ಅದು ಒಂದು ಕಂತಿಗೆ ಹನ್ನೊಂದು ಮುಟ್ಟಿದ್ದುಂಟು. ಬಸ್‌ಸ್ಟ್ಯಾಂಡ್ ಸೀರಿಯಲ್ಲಿನ ಎಂಬತ್ತೈದೂ ಕಂತುಗಳ ಮೊತ್ತ ಸೊನ್ನೆ.

ಈ ಅಭ್ಯಾಸದಿಂದಲೇ ರಾಮನಗರದಿಂದ ಹದಿನೈದು ದಿನಕ್ಕೊಮ್ಮೆ ಬರುವ ನಾಲ್ಕು ಪುಟದ ಪತ್ರಿಕೆಯಲ್ಲಿ ನನಗೊಂದು ಅಂಕಣ ಸಿಕ್ಕಿತು. ನಾನು ಅಲ್ಲಿಯ ಒಂದು ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಪತ್ರಿಕೆಯ ಸಂಪಾದಕರ ಮಗಳು ಅದೇ ಶಾಲೆಯ ಟೀಚರ್. ಅಂಕಣದ ವಿಷಯ, ಚೆನ್ನಾಗಿದ್ದೂ ಅರ್ಧಕ್ಕೆ ನಿಂತ ಧಾರಾವಾಹಿಗಳು. ಮೊದಲು ಹಾಗೇನೂ ಇರಲಿಲ್ಲ. ಶುರುವಿನಲ್ಲಿ, ನಡೆಯುತ್ತಿದ್ದ ಒಂದು ಧಾರಾವಾಹಿಯನ್ನು ಅದರ ಮೂವತ್ತನೇ ಕಂತಿನ ಹೊತ್ತಿಗೆ ಮನಸಾರೆ ಹೊಗಳಿ ಬರೆದಿದ್ದೆ. ನಲವತ್ತನೇ ಕಂತಿಗೆ ಸತ್ತ ಗಂಡ ಬೇರೆ ಮುಖ ಹೊತ್ತು ವಾಪಸು ಬಂದ. ನಲವತ್ತನಾಲ್ಕಕ್ಕೆ ಅವನಿಗೊಬ್ಬ ಅವಳಿ ತಮ್ಮ ಹುಟ್ಟಿಕೊಂಡ. ಬೆಳಗಿನ ರೈಲಿನಲ್ಲಿ ಪರಿಚಯದವರೆಲ್ಲ, "ಏನಮ್ಮ, ನಿಮ್ ಸೀರಿಯಲ್ಲು ಬೋ ಸಹಜವಾಗೈತಲ್ಲ!" ಎಂದು ನನ್ನ ವಾಕ್ಯವನ್ನೇ ನನಗೆ ಒಪ್ಪಿಸಿದರು. ಅವಮಾನವಾಯಿತು. ಆವತ್ತೇ ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ನಿಯಮ ಬರೆದೆ: ನಿಲ್ಲುವ ತನಕ ಯಾವುದರ ಬಗ್ಗೆಯೂ ಬರೆಯಬಾರದು. ನಿಂತದ್ದು ಇನ್ನು ಕೆಡಲಾರದು.

ಬಸ್‌ಸ್ಟ್ಯಾಂಡ್ ಸೀರಿಯಲ್ ಬಗ್ಗೆ ಬರಿ ಎಂದು ಫೆಬ್ರವರಿಯಲ್ಲೇ ಅವ್ವ ಹೇಳಿದ್ದಳು.

"ನಿಂತ್ಮೇಲೆ ಬರೀತೀನಿ" ಅಂದೆ.

"ಬುಡ್ತು ಅನ್ನೇ! ನಡೀತಿರೋದ್ನ ನಿಲ್ಲಲಿ ಅಂತ ಕಾಯ್ಕೊಂಡು ಕೂತಿದೀಯಾ?"

ನನ್ನ ನಿಯಮವನ್ನು ವಿವರಿಸಿದೆ. ಅವಳು ಕೊನೆಯವರೆಗೆ ಕೇಳಿದಳು, "ಏನ್ ನೇಮವೋ ಏನೋ" ಎಂದು ಒಳಗೆ ಹೋದಳು.

ಆ ಧಾರಾವಾಹಿಯಲ್ಲಿ ನಾನು ಕಾಯುತ್ತಿದ್ದದ್ದು ನಾಯಕಿಗಲ್ಲ. ಕಿಟಕಿಯ ಪಕ್ಕ ಹೂ ಮಾರುವ ಒಬ್ಬ ಹೆಂಗಸಿಗೆ. ದಿನಕ್ಕೆ ಎರಡೋ ಮೂರೋ ಮಾತು, ಕೆಲವು ದಿನ ಅದೂ ಇಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅವಳ ಮೊದಲ ಉಲ್ಲೇಖ ಹೀಗಿದೆ: "ಫೆಬ್ರವರಿ 19, ಕಂತು 31. ಮನೆ ಬಿಟ್ಟು ಹೊರಟ ಹುಡುಗಿ ಹೂ ಕೇಳುತ್ತಾಳೆ. ಹೂವಿನವಳು ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ ಅಳೆದು, ಹುಡುಗಿಯ ಬ್ಯಾಗು ನೋಡಿ, ಮಾತಿಲ್ಲದೆ ಇನ್ನೊಂದು ಗೇಣು ಬಿಟ್ಟು ನಾರು ಕತ್ತರಿಸುತ್ತಾಳೆ. ತಲೆ ಎತ್ತುವುದಿಲ್ಲ. ಇವರು ಯಾರು?" ಆ ಗೇಣು ಹೂವನ್ನು ಯಾರೂ ಬರೆದುಕೊಟ್ಟಿರಲಾರರು ಎಂದು ನನಗೆ ಅನಿಸಿತ್ತು. ಧಾರಾವಾಹಿಗಳಲ್ಲಿ ಹೂ ಮಾರುವವರು ಹೂಮಾಲೆಯನ್ನು ಹಗ್ಗ ಹಿಡಿದ ಹಾಗೆ ಹಿಡಿದಿರುತ್ತಾರೆ.

ಮೇ ಕೊನೆಯ ಸಂಚಿಕೆಯಲ್ಲಿ ನನ್ನ ವಿಮರ್ಶೆ ಬಂತು. ಎರಡು ಕಾಲಂ. ಕೊನೆಯ ಕಂತಿನ ಕೊನೆಯ ದೃಶ್ಯವನ್ನು ವಿಸ್ತಾರವಾಗಿ ಬರೆದಿದ್ದೆ: ಮನೆ ಬಿಟ್ಟು ಹೋಗಿದ್ದ ಆ ಹುಡುಗಿ ತಿಂಗಳುಗಳ ನಂತರ ಬಸ್ಸಿಂದ ಇಳಿದು, "ನಮ್ಮವ್ವ ಈ ಕಡೆ ಬಂದಿದ್ಲಾ?" ಎಂದು ಹೂವಿನವಳನ್ನು ಕೇಳುತ್ತಾಳೆ. ಹೂವಿನವಳು ಉತ್ತರಿಸಲು ಬಾಯಿ ತೆರೆಯುತ್ತಾಳೆ. ಅಲ್ಲಿಗೆ ಎಲ್ಲವೂ ನಿಂತಿತು. "ಕನ್ನಡದ ಒಬ್ಬ ಒಳ್ಳೆಯ ನಟಿಯ ಬಾಯಿಯನ್ನು ತೆರೆದಲ್ಲೇ ಮುಚ್ಚಿಸಿದರು" ಎಂದು ಬರೆದಿದ್ದೆ. ವಾಕ್ಯ ಚೆನ್ನಾಗಿದೆ ಎಂದು ಸಂಪಾದಕರು ಹೊಗಳಿದರು. ನನಗೂ ಹಾಗೇ ಅನಿಸಿತ್ತು.

ಮೂರು ವಾರದ ಮೇಲೆ ಸಂಪಾದಕರು ಫೋನ್ ಮಾಡಿ, ಮಾಗಡಿ ಕಡೆಯ ಒಬ್ಬ ಹೆಂಗಸು ಕಚೇರಿಗೆ ಬಂದು ವಿಮರ್ಶೆ ಬರೆದವರನ್ನು ಕೇಳಿದರು, ವಿಳಾಸ ಬಿಟ್ಟು ಹೋಗಿದ್ದಾರೆ ಅಂದರು. ಹೂವಿನವಳು. ಜೂನ್ ಇಪ್ಪತ್ತಮೂರರ ಭಾನುವಾರ ನಾನು ಮೂರು ನೋಟ್‌ಬುಕ್ ಬ್ಯಾಗಿಗೆ ಹಾಕಿಕೊಂಡು ಹೊರಟೆ. ರಾಮನಗರದಲ್ಲಿ ಬಸ್ಸು ಹತ್ತಿ, ಮಾಗಡಿಯಲ್ಲಿ ಬದಲಿಸಿ, ಕೆಂಪಾಪುರದ ದಾರಿಯ ಒಂದು ತೆಂಗಿನ ತೋಟದ ಬಳಿ ಇಳಿದೆ. ದಾರಿಯುದ್ದಕ್ಕೂ ಒಂದೇ ಸಂತೋಷ: ಅವರ ಬಗ್ಗೆ ನಾನು ಎಷ್ಟು ಬರೆದಿಟ್ಟಿದ್ದೇನೆ ಎಂದು ತೋರಿಸಬೇಕು.

ರಸ್ತೆ ಪಕ್ಕದ ಮನೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್. ಟಿವಿಯಲ್ಲಿ ಕಂಡದ್ದಕ್ಕಿಂತ ವಯಸ್ಸು ಕಡಿಮೆ, ನಲವತ್ತು ಇರಬಹುದು. ನನ್ನನ್ನು ನೋಡಿ ಜೋರಾಗಿ ನಕ್ಕರು.

"ನೀನೇನವ್ವ ಬರ್ದೋಳು? ನಾನು ಯಾರೋ ರಿಟೈರಾಗಿರೋ ಮೇಷ್ಟ್ರು ಅಂದ್ಕಂಡಿದ್ದೆ. ಬಾ, ಕೂತ್ಕೊ. ಆ ಬ್ಲೌಸ್ ಪೀಸ್ ಒಸಿ ಅತ್ಲಾಗಿಡು."

ಕಾಫಿ ಬಂತು. ಅವರ ತಾಯಿ ಮಾಗಡಿ ಬಸ್ ನಿಲ್ದಾಣದಲ್ಲಿ ಹೂ ಮಾರುತ್ತಿದ್ದರಂತೆ. ಚಿತ್ರೀಕರಣ ನೋಡಲು ಹೋದ ಇವರನ್ನು ಹೂವಿನ ಬುಟ್ಟಿಯ ಮುಂದೆ ಸುಮ್ಮನೆ ಕೂರಲು ಕರೆದರು. ಹೂ ಅಳೆಯುವುದನ್ನು ಕಂಡು ನಿರ್ದೇಶಕರು ಉಳಿಸಿಕೊಂಡರು. ನಾನು ಕೇಳಲೇಬೇಕಾದದ್ದನ್ನು ಕೇಳಿದೆ.

"ಕೊನೇ ದಿನ ಆ ಹುಡುಗಿಗೆ ನೀವು ಏನು ಹೇಳೋದಿತ್ತು?"

"ನಂಗೇನ್ ಗೊತ್ತವ್ವ? ಮಾತು ಕೊಟ್ಟೇ ಇರ್ಲಿಲ್ಲ. ಸೋಮವಾರ ಹೇಳ್ಕೊಡ್ತೀವಿ, ಇವತ್ತು ಬಾಯಿ ತೆಗೀರಿ ಸಾಕು ಅಂದ್ರು. ತೆಗೆದೆ."

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವರು ಮೆಷಿನ್ನಿನ ಡ್ರಾದಿಂದ ನನ್ನ ವಿಮರ್ಶೆಯ ಪುಟ ತೆಗೆದರು. ಮಡಿಕೆಗಳಲ್ಲಿ ಸವೆದಿತ್ತು.

"ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡ. ನಾನು ಚೆಂದಾಗಿ ಮಾಡ್ತಾ ಇವ್ನಿ ಅಂತ ನಿಂಗೆ ಯಾವಾಗ ಅನ್ನಿಸ್ತು? ನಿಂತೋದ್ಮೇಲಾ?"

"ಇಲ್ಲ, ಇಲ್ಲ" ಎಂದು ನಾನು ಉತ್ಸಾಹದಿಂದ ನೋಟ್‌ಬುಕ್ಕುಗಳನ್ನು ತೆರೆದೆ. ಅವರ ಬಗ್ಗೆ ಹದಿನೇಳು ಉಲ್ಲೇಖಗಳಿದ್ದವು; ಪ್ರತಿಯೊಂದಕ್ಕೂ ಬಣ್ಣದ ಚೀಟಿ ಅಂಟಿಸಿ ತಂದಿದ್ದೆ. ಫೆಬ್ರವರಿ ಹತ್ತೊಂಬತ್ತರದ್ದನ್ನು ನಾನೇ ಓದಿದೆ. ಉಳಿದವನ್ನು ಅವರು ಒಂದೊಂದಾಗಿ ಬೆರಳಿಟ್ಟು ಓದಿಕೊಂಡರು. ಮುಖ ಅರಳುತ್ತದೆ ಎಂದು ನಾನು ಕಾಯುತ್ತಿದ್ದೆ. ಅವರು ಮಾತುಗಳನ್ನು ಓದುತ್ತಿರಲಿಲ್ಲ, ಎಡಬದಿಯ ದಿನಾಂಕಗಳನ್ನು ಓದುತ್ತಿದ್ದಾರೆ ಎಂದು ನನಗೆ ಹೊಳೆದದ್ದು ತಡವಾಗಿ.

"ಯುಗಾದಿಗೆ ಮುಂಚೆ ಹನ್ನೊಂದು ಅವೆ" ಅಂದರು.

"ಹೌದು."

"ಹನ್ನೊಂದು ಸಲ ಗೊತ್ತಾಗಿತ್ತು ನಿಂಗೆ."

ಆಮೇಲೆ ನಿಧಾನವಾಗಿ ಹೇಳಿದರು. ಯುಗಾದಿಯ ಹಿಂದಿನ ವಾರ ಇನ್ನೊಂದು ಧಾರಾವಾಹಿಯವರು ಕರೆದಿದ್ದರು. ದೊಡ್ಡ ಪಾತ್ರ, ಹಾಸ್ಟೆಲ್ಲಿನ ಅಡುಗೆಯವಳದು. ಅವಳ ಸುತ್ತಲೇ ಕಥೆ. ಆದರೆ ಚಿತ್ರೀಕರಣ ಮೈಸೂರಿನಲ್ಲಿ, ತಿಂಗಳಿಗೆ ಹದಿನೈದು ದಿನ ಅಲ್ಲೇ ಇರಬೇಕು. ಹಬ್ಬದೊಳಗೆ ಉತ್ತರ ಹೇಳಬೇಕಿತ್ತು. ಅತ್ತೆ, ಹೋಗಿ ಬಾ, ಮನೆ ನಾನು ನೋಡ್ಕೋತೀನಿ ಅಂದರಂತೆ. ಗಂಡ ಒಪ್ಪಲಿಲ್ಲ.

"ನಮ್ಮನೆಯವ್ರು ಕೆಟ್ಟೋರಲ್ಲ ಕಣವ್ವ. ಊರಲ್ಲಿ ಇವ್ರು ಎದುರಿಗೆ ಸಿಕ್ಕಿದ್ರೆ ಸಾಕು, ಏನ್ಲಾ, ಹೂವಿನವಳ ಗಂಡ, ಒಂದು ಮೊಳ ಎಷ್ಟ್ಲಾ ಅಂತ ಆಡ್ಕೊಳ್ಳೋರು. ಅವ್ರಿಗೂ ಸಾಕಾಗಿತ್ತು. 'ನೀನು ಚೆನ್ನಾಗಿ ಮಾಡ್ತೀಯ ಅಂತ ನಿಮ್ಮವ್ವ, ನಮ್ಮವ್ವ ಬಿಟ್ಟು ಯಾರಾದ್ರೂ ಅಂದವ್ರೆ? ಒಬ್ರನ್ನ ತೋರ್ಸು, ನಾನೇ ಮೈಸೂರಿಗೆ ಬಿಟ್ಬತ್ತೀನಿ' ಅಂದ್ರು. ಒಬ್ರನ್ನ ಎಲ್ಲಿಂದ ತರ್ಲಿ? ನೀನು ಚನ್ನಪಟ್ಟಣದಲ್ಲಿ ಪುಸ್ತಕ ಮುಚ್ಕೊಂಡು ಕೂತಿದ್ದೆ."

ನಾನು ನನ್ನ ನಿಯಮ ಹೇಳಲು ಹೋದೆ. ಮೂವತ್ತನೇ ಕಂತು, ಅವಳಿ ತಮ್ಮ, ರೈಲಿನ ನಗು. ಹೇಳುತ್ತಿದ್ದಂತೆ ಅದು ನನಗೇ ಚಿಕ್ಕದಾಗಿ ಕೇಳತೊಡಗಿತು. ನನ್ನನ್ನು ಒಂದು ವಾರ ರೈಲಿನಲ್ಲಿ ಆಡಿಕೊಂಡಿದ್ದರು. ಅಷ್ಟಕ್ಕೇ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಅವರು ಪೂರ್ತಿ ಕೇಳಿಸಿಕೊಂಡು, ಕೋಪವಿಲ್ಲದೆ ಅಂದರು: "ಹಾಲು-ತುಪ್ಪಕ್ಕೆ ಬಂದಂಗೆ ಬಂದಿದೀಯ ಬುಡು. ಇದ್ದಾಗ ಬಂದು ಒಂದ್ ಲೋಟ ನೀರು ಕುಡಿಯಲ್ಲ, ಮಣ್ಣು ಮಾಡಿದ್ ಮೂರನೇ ದಿನಕ್ಕೆ ಸಮಾಧಿ ಮುಂದೆ ಕೂತ್ಕೊಂಡು, ಎಂಥಾ ಮನುಷ್ಯ ಇದ್ದ ಅಂತ ಹೊಗಳೋದು. ನಮ್ ಕಡೆ ಎಲ್ಲಾರೂ ಹಂಗೇ. ನಿನ್ನೊಬ್ಬಳ್ನೇ ಅಂದು ಏನ್ ಮಾಡ್ಲಿ?"

ಈಗ ನಾನೇ ಅವರ ಗಂಡನ ಹತ್ತಿರ ಮಾತಾಡಲೇ ಎಂದು ಕೇಳಿದೆ. ನೋಟ್‌ಬುಕ್ಕು ತೋರಿಸಬಹುದು, ಪತ್ರಿಕೆ ತೋರಿಸಬಹುದು.

"ಪತ್ರಿಕೆ ನೋಡವ್ರೆ. ಎರಡು ಸಲ ಓದಿದ್ರು. ಆಮೇಲೆ ಅವತ್ತು ಊಟ ಮಾಡ್ನಿಲ್ಲ." ಸ್ವಲ್ಪ ಹೊತ್ತು ದಾರದ ಉಂಡೆ ಸುತ್ತಿದರು. "ಆ ಪಾರ್ಟು ಬೇರೆಯೋರಿಗೆ ಕೊಟ್ಟಾಯ್ತಲ್ಲ. ಶುರುವಾಗಿ ಮೂರು ವಾರ ಆಯ್ತು. ನೋಡ್ತೀಯೇನು?"

ನೋಡುತ್ತಿದ್ದೆ. ಜೂನ್ ಮೂರರಿಂದ, ಹದಿನೈದು ಕಂತು. ಹಾಸ್ಟೆಲ್ಲಿನ ಅಡುಗೆಯವಳ ಪಾತ್ರದ ಹೆಂಗಸಿನ ಬಗ್ಗೆ ಬ್ಯಾಗಿನಲ್ಲಿದ್ದ ಮೂರನೇ ನೋಟ್‌ಬುಕ್ಕಿನಲ್ಲಿ ಆಗಲೇ ನಾಲ್ಕು ಉಲ್ಲೇಖಗಳಿದ್ದವು. ಅದನ್ನು ನಾನು ಹೇಳಲಿಲ್ಲ.

"ನಾನೂ ನೋಡ್ತೀನಿ" ಅಂದರು. "ಮೊದಲನೇ ದಿನ ತಪ್ಪು ಹುಡುಕ್ಕೊಂಡೇ ಕೂತಿದ್ದೆ. ಮುದ್ದೆ ತಿರುವೋಕ್ ಬರಲ್ಲ ಅವಳಿಗೆ. ಕೋಲು ಹಿಡಿಯೋದ್ರಲ್ಲೇ ಗೊತ್ತಾಯ್ತದೆ. ಆದ್ರೆ ಆ ಮಕ್ಕಳಿಗೆ ಬಡಿಸೋವಾಗ ಒಂದು ನೋಟ ನೋಡ್ತಾಳಲ್ಲ… ಚೆಂದಾಗಿ ಮಾಡ್ತಾಳೆ. ಸುಳ್ಳು ಯಾಕ್ ಹೇಳ್ಲಿ." ದಾರದ ಉಂಡೆಯನ್ನು ಡ್ರಾಕ್ಕೆ ಹಾಕಿದರು. "ಅವಳಿಗೂ ಮನೇಲಿ ಯಾರೋ ಏನೋ ಕೇಳ್ತಿರ್ತಾರೆ. ಬರ್ದುಬುಡು. ಈಗ್ಲೇ ಬರಿ."

ಬಸ್ಸಿನ ತನಕ ಬಂದು ಕಳಿಸಿದರು. ನಾನು ಕಿಟಕಿಯಿಂದ ಕೈ ಬೀಸಿದೆ. ಅವರು ಆಗಲೇ ತಿರುಗಿ ಹೊರಟಿದ್ದರು. ಭಾನುವಾರ ಸಂಜೆಯೊಳಗೆ ಕೊಡಬೇಕಾದ ಎರಡು ಬ್ಲೌಸು ಇವೆ ಎಂದಿದ್ದರು.

ಆ ವಿಮರ್ಶೆ ಬರೆಯಲು ನನಗೆ ಒಂಬತ್ತು ದಿನ ಬೇಕಾಯಿತು. ಹಿಂದೆ ಯಾವುದಕ್ಕೂ ಮೂರು ದಾಟಿರಲಿಲ್ಲ. ಅಡುಗೆಯವಳು ಚೆನ್ನಾಗಿ ಮಾಡುತ್ತಿದ್ದಾಳೆ ಎಂಬ ಒಂದೊಂದು ಸಾಲು ಬರೆಯುವಾಗಲೂ ಇದನ್ನು ಮಾಗಡಿಯವರು ಓದುತ್ತಾರೆ, ಈ ಸಾಲು ಅವರದಾಗಬೇಕಿತ್ತು ಅನಿಸುತ್ತಿತ್ತು. ಹೊಗಳಿಕೆಯನ್ನು ಒಮ್ಮೆ ಇಳಿಸಿದೆ. ಅದು ಆ ನಟಿಗೆ ಅನ್ಯಾಯ ಎಂದು ಮತ್ತೆ ಏರಿಸಿದೆ. ಮುದ್ದೆ ಕೋಲಿನ ಮಾತನ್ನು ಸೇರಿಸಿ, ಅದು ನಾನು ಕಂಡದ್ದಲ್ಲ ಎಂದು ತೆಗೆದುಹಾಕಿದೆ. ಕೊನೆಗೆ ಇಪ್ಪತ್ತೆರಡನೇ ಕಂತಿನ ಮಾರನೇ ದಿನ ಕಳಿಸಿದೆ. ಜುಲೈ ಎರಡನೇ ಸಂಚಿಕೆಯಲ್ಲಿ ಅಚ್ಚಾಯಿತು. ಧಾರಾವಾಹಿ ಈಗಲೂ ನಡೆಯುತ್ತಿದೆ. ಮುಂದೆ ಕೆಡಬಹುದು, ಕೆಡದೆಯೂ ಇರಬಹುದು.

ಆ ಸಂಚಿಕೆಯ ಒಂದು ಪ್ರತಿಯನ್ನು ಮಾಗಡಿಗೆ ಕಳಿಸಲೆಂದು ಲಕೋಟೆಯಲ್ಲಿಟ್ಟು ಅವರ ವಿಳಾಸ ಬರೆದೆ. ಎರಡು ದಿನ ಬ್ಯಾಗಿನಲ್ಲಿ ಹೊತ್ತು ತಿರುಗಿ ಹೊರಗೆ ತೆಗೆದಿಟ್ಟೆ. ನಮ್ಮ ಪತ್ರಿಕೆ ಮಾಗಡಿ ಬಸ್ ನಿಲ್ದಾಣದ ಅಂಗಡಿಗೂ ಹೋಗುತ್ತದೆ. ಅವರು ಹೇಗೂ ನೋಡಿರುತ್ತಾರೆ.