ಗುರುದೇವಿ ಬಳಿದ ಸುಣ್ಣ

ಮಾಸಿದ ಗೋಡೆ ಕಂಡರೆ ಗುರುದೇವಿಗೆ ಕೈ ಕಟ್ಟಿ ಕೂರಲು ಬರುವುದಿಲ್ಲ. ವಿಜಾಪುರದ ಕಡೆಯವಳು. ಲಂಡನ್ನಿನ ಹೀಥ್ರೂದಲ್ಲಿ ವಿಮಾನದ ಊಟದ ಟ್ರೇ ಜೋಡಿಸುವ ಕೆಲಸ, ಪಕ್ಕದ ಹೌನ್ಸ್ಲೋದಲ್ಲಿ ಮನೆ. ಮಾತು ಒರಟು, ಮನಸ್ಸು ಬೆಣ್ಣೆ. ನಾನು ಪ್ರಭಾ, ಮೈಸೂರಿನವಳು. ನಮ್ಮ ಸ್ನೇಹ ಶುರುವಾದದ್ದೇ ಜಗಳದಿಂದ. ಯುಗಾದಿಯ ಬೇವನ್ನು ಪಾನಕ ಮಾಡಿ ಬಟ್ಟಲಲ್ಲಿ ಕುಡಿಯಬೇಕು ಎಂದು ಅವಳು, ಅಂಗೈಗೆ ಹಾಕಿಕೊಂಡು ತಿನ್ನಬೇಕು ಎಂದು ನಾನು. ಆ ವ್ಯಾಜ್ಯ ಇವತ್ತಿಗೂ ಇತ್ಯರ್ಥವಾಗಿಲ್ಲ.

ನಮ್ಮ ಕನ್ನಡದವರ ಗುಂಪು ಭಾನುವಾರ ಸೇರುತ್ತಿದ್ದದ್ದು ಚರ್ಚಿನ ಪಕ್ಕದ ಹಳೆಯ ಇಟ್ಟಿಗೆ ಕಟ್ಟಡದಲ್ಲಿ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಊರ ಮಕ್ಕಳಿಗೆಂದು ಕಟ್ಟಿದ ಶಾಲೆ ಅದು. ಆಮೇಲೆ ಬಾಡಿಗೆಯ ಹಾಲ್ ಆಯಿತು. ಇಟ್ಟಿಗೆ ಮೊದಲು ಹಳದಿ ಇತ್ತಂತೆ. ನೂರು ವರ್ಷ ಕಲ್ಲಿದ್ದಲಿನ ಹೊಗೆ ಕುಡಿದು ಸೌದೆ ಒಲೆಯ ಹಿಂದಿನ ಗೋಡೆಯ ಬಣ್ಣಕ್ಕೆ ಬಂದಿತ್ತು. ಅದಕ್ಕೆ ಮುಂಚೆ ನಾವು ಹಿಡಿದಿದ್ದ ಹಾಲ್‌ನವರು ಒಗ್ಗರಣೆಯ ವಾಸನೆ ತಡೆಯಲಾರದೆ ನಮ್ಮನ್ನು ಸಾಗಹಾಕಿದ್ದರು. ಇಲ್ಲಿ ಮಾತ್ರ ಅಡುಗೆಗೆ ಅಡ್ಡಿಯಿರಲಿಲ್ಲ.

ಬೀಗದ ಕೈ ಮಿಸ್ ಪೆನ್‌ಫೋಲ್ಡ್ ಅವರದು. ಎಪ್ಪತ್ತರ ಆಸುಪಾಸಿನ, ಮದುವೆಯಾಗದ, ಕಡ್ಡಿಯಂಥ ಹೆಂಗಸು. ಅಲ್ಲಿನ ಇತಿಹಾಸ ಸಂಘವನ್ನು ನಡೆಸುತ್ತಿದ್ದವರು. ಆ ಬೀದಿಯ ಯಾವ ಇಟ್ಟಿಗೆ ಯಾವ ಗೂಡಿನಲ್ಲಿ ಬೆಂದದ್ದು ಎಂದು ಕೇಳಿದರೆ ಸಾಕು, ನಮ್ಮ ಬಸ್ಸು ತಪ್ಪುತ್ತಿತ್ತು. ಕಟ್ಟಡವನ್ನು ಕೆಡವದಂತೆ ಸರ್ಕಾರದ ರಕ್ಷಣೆ ಕೊಡಿಸಿದವರೂ ಅವರೇ. ಅಲ್ಲೊಂದು ಮೊಳೆ ಹೊಡೆಯಬೇಕಾದರೂ ಕೌನ್ಸಿಲ್‌ನ ಒಪ್ಪಿಗೆ ಬೇಕಿತ್ತು. ಗುರುದೇವಿ ಅವರನ್ನು ತನ್ನೂರಿನ ಶಾಲೆಯ ಮೇಡಂಗೆ ಕರೆಯುವಂತೆ 'ಅಕ್ಕೋರ' ಎನ್ನುತ್ತಿದ್ದಳು. ಮಿಸ್ ಪೆನ್‌ಫೋಲ್ಡ್‌ಗೆ ಅರ್ಥವಾಗದಿದ್ದರೂ ತಿರುಗಿ ನೋಡುತ್ತಿದ್ದರು.

ಆ ಹಾಲ್ ಗುರುದೇವಿಗೆ ಏನಾಗಿತ್ತೆಂದು ನನಗೆ ಗೊತ್ತು. ಕೆಲಸದಲ್ಲಿ, ಬಸ್ಸಿನಲ್ಲಿ, ಡಾಕ್ಟರ ಹತ್ತಿರ, ಮಕ್ಕಳ ಶಾಲೆಯಲ್ಲಿ ಅವಳ ಬಾಯಲ್ಲಿ 'ಸಾರಿ' ಒಂದೇ ಮಾತು. ಇಂಗ್ಲಿಷ್ ತಡವರಿಸುತ್ತಿತ್ತು. ಹಾಲ್‌ನೊಳಗೆ ಕಾಲಿಟ್ಟರೆ ಮಾತ್ರ ಅವಳೇ ಯಜಮಾನಿ. ಲಂಡನ್ನಿನಲ್ಲಿ ಅವಳು ಸಾರಿ ಅನ್ನದೆ ಓಡಾಡುತ್ತಿದ್ದ ಜಾಗ ಅದೊಂದೇ.

1997ರ ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ಕಸ ಗುಡಿಸುತ್ತೇನೆಂದು ಬೀಗದ ಕೈ ಇಸಿದುಕೊಂಡು ಹೋದಳು. ನಾನು ತೋರಣದ ಎಲೆ ಹಿಡಿದು ಹೋಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ತೋಟಕ್ಕೆ ಹಾಕುವ ಸುಣ್ಣದ ಪುಡಿ ತಂದು, ನೀರಿಗೆ ಕದಡಿ, ಚೂರು ನೀಲಿ ಬೆರೆಸಿ, ಬಾಗಿಲ ಎರಡೂ ಬದಿಗೆ ಸೊಂಟದೆತ್ತರ ಬಳಿದುಬಿಟ್ಟಿದ್ದಳು.

"ನೋಡ್ರಿ ಪ್ರಭಾಕ್ಕ, ಈಗ ಹಬ್ಬದ ಕಳಾ ಬಂತು."

"ಏನೇ ಮಾಡಿದೆ ಮಹರಾಯ್ತಿ? ಇದೇನು ನಿಮ್ಮ ವಿಜಾಪುರದ ಮನೆ ಅಂದ್ಕೊಂಡ್ಯಾ?"

"ಹಬ್ಬಕ್ಕ ಸುಣ್ಣ ಕಾಣದ ಗ್ವಾಡಿ ಮುಂದ ಬೇವು ಹೆಂಗ ಕುಡೀಬೇಕ್ರಿ? ಛೊಲೋ ಕೆಲಸ ಮಾಡಾಕ ಯಾರನ್ನ ಕೇಳಬೇಕು?"

ಕೇಳಬೇಕಾದವರು ಗೇಟಿನ ಬಳಿ ಸೈಕಲ್ ಹಿಡಿದು ನಿಂತಿದ್ದರು. ಮಿಸ್ ಪೆನ್‌ಫೋಲ್ಡ್ ಕೂಗಾಡಲಿಲ್ಲ. ಇಂಗ್ಲಿಷರು ಕೂಗಾಡದಿದ್ದರೇ ನನಗೆ ಹೆಚ್ಚು ಭಯ. ಮೊದಲು ಕೈ ಚಾಚಿ ಬೀಗದ ಕೈ ವಾಪಸು ತೆಗೆದುಕೊಂಡರು. ಬರೀ ನೀರು, ಮೆತ್ತನೆಯ ಬ್ರಷ್, ಈಗಲೇ ತೊಳೆಯಿರಿ ಎಂದರು. ನಾಳೆಯ ಹಬ್ಬ ಇಲ್ಲಿ ಬೇಡ, ಮುಂದೆ ಹಾಲ್ ಕೊಡುವ ಮಾತೂ ಅನುಮಾನ ಎಂದರು. ನಾನು ಅದನ್ನು ಕನ್ನಡಕ್ಕೆ ತರುವ ಮೊದಲೇ ಗುರುದೇವಿಯ ಮುಖ ಬಾಡಿತ್ತು.

ಇಬ್ಬರೂ ಮಂಡಿಯೂರಿ ತೊಳೆದೆವು. ಹಿಂದೆ ಮಿಸ್ ಪೆನ್‌ಫೋಲ್ಡ್ ಕೈಕಟ್ಟಿ ನಿಂತಿದ್ದರು. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು. ಒಂದೊಂದು ಇಟ್ಟಿಗೆಗೂ ಗುರುದೇವಿ "ಸಾರಿ, ಅಕ್ಕೋರ, ಸಾರಿ" ಎನ್ನುತ್ತಿದ್ದಳು. ಆ ಜಾಗದಲ್ಲಿ ಅವಳ ಬಾಯಿಂದ ಆ ಮಾತು ಕೇಳಿ ನಾನು ಬೇಗ ಬೇಗ ಬ್ರಷ್ ಆಡಿಸಿದೆ. ಆ ಮುದುಕಿಯ ಮೇಲೂ ಕೋಪ ಬಂತು, ಇವಳ ಮೇಲೂ ಬಂತು.

ಸುಣ್ಣ ಸುಲಭವಾಗಿ ಇಳಿಯಿತು. ಆದರೆ ಕಿಟಕಿಯ ಕೆಳಗೆ ಮಾತ್ರ ಬಿಳಿ ಗೆರೆಗಳು ಉಳಿದವು. ಗುರುದೇವಿ ಉಜ್ಜಿದಳು, ಉಗುರು ಹಾಕಿ ಕೆರೆದಳು.

"ಇದೊಂದು ಹೋಗವಲ್ದು, ಪ್ರಭಾಕ್ಕ," ಎಂದು ಅಳುವ ದನಿ ತೆಗೆದಳು.

ಮಿಸ್ ಪೆನ್‌ಫೋಲ್ಡ್ ಬಗ್ಗಿ ಅವಳ ಮುಂಗೈ ಹಿಡಿದುಕೊಂಡರು. ಮುಟ್ಟಬೇಡ ಎಂದರು. ಆಮೇಲೆ ಒದ್ದೆ ನೆಲದ ಮೇಲೆ ಹಾಗೇ ಕುಳಿತುಬಿಟ್ಟರು. ಆಗ ನಾನೂ ನೋಡಿದೆ. ಅವು ಗೆರೆಗಳಲ್ಲ, ಮೊಳೆಯಲ್ಲಿ ಗೀಚಿದ ಅಕ್ಷರಗಳು. ಮಸಿಯಲ್ಲಿ ಮುಚ್ಚಿಹೋಗಿದ್ದ ಗೀರುಗಳಲ್ಲಿ ಸುಣ್ಣ ಕೂತು ಹೆಸರು ಎದ್ದಿತ್ತು. ಸೊಟ್ಟಸೊಟ್ಟಾಗಿ 'ಆಲ್ಫ್ ಪೆನ್‌ಫೋಲ್ಡ್' ಎಂದು.

ಅವರ ಅಪ್ಪ. ಆ ಶಾಲೆಯಲ್ಲಿ ಓದಿದವರು. ತಡವಾಗಿ ಬಂದದ್ದಕ್ಕೆ ಹೊರಗೆ ನಿಲ್ಲಿಸಿದಾಗ ಗೋಡೆಯ ಮೇಲೆ ಹೆಸರು ಕೆತ್ತಿ ಏಟು ತಿಂದೆ ಎಂದು ಸಾಯುವವರೆಗೂ ಹೇಳುತ್ತಿದ್ದರಂತೆ. ಮಗಳು ಚಿಕ್ಕಂದಿನಲ್ಲಿ ಹುಡುಕಿ, ಸಿಗದೆ, ಅಪ್ಪ ಬುರುಡೆ ಬಿಡುತ್ತಾರೆ ಎಂದುಕೊಂಡಿದ್ದಳು. ಊರಿನ ಇತಿಹಾಸವನ್ನೆಲ್ಲ ನಂಬಿದೆ, ಅಪ್ಪನ ಮಾತೊಂದನ್ನು ನಂಬಲಿಲ್ಲ ಎಂದು ಹೇಳಿ ಅವರು ಮುಖ ಮುಚ್ಚಿಕೊಂಡರು.

ಗುರುದೇವಿ ಆ ಅಕ್ಷರ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಹಿರ್ಯಾರು ಹಬ್ಬಕ್ಕ ಬಂದಾರ. ಅಳಬಾರದ್ರಿ, ಅಕ್ಕೋರ," ಎಂದಳು. ಸಾರಿ ಅನ್ನಲಿಲ್ಲ.

ಮರುದಿನ ಹಬ್ಬ ಅಲ್ಲೇ ಆಯಿತು. ಮಿಸ್ ಪೆನ್‌ಫೋಲ್ಡ್ ಬಟ್ಟಲು ತುಂಬ ಬೇವು ಕುಡಿದು ಮುಖ ಸಿಂಡರಿಸದೆ ಕೆಳಗಿಟ್ಟರು. ಗುರುದೇವಿ ನನ್ನ ಕಡೆ ನೋಡಿದ ನೋಟ ಈಗಲೂ ಮರೆತಿಲ್ಲ.

ಮಿಸ್ ಪೆನ್‌ಫೋಲ್ಡ್ ಮತ್ತೆಂದೂ ಗೋಡೆಗೆ ಸುಣ್ಣ ಬಳಿಯಲು ಬಿಡಲಿಲ್ಲ. ಆದರೆ ಪ್ರತಿವರ್ಷ ಮಾರ್ಚ್ ಬಂತೆಂದರೆ ಅವರಿಂದಲೇ ಫೋನು. ನಿಮ್ಮ ಹಬ್ಬ ಯಾವತ್ತು, ಅಪ್ಪನ ಹೆಸರು ಮಳೆಗೆ ಮಾಸುತ್ತಿದೆ ಎಂದು. ಗುರುದೇವಿ ಬಟ್ಟಲಲ್ಲಿ ಚೂರು ಸುಣ್ಣ ಕಲಸಿ, ಬೆರಳು ಅದ್ದಿ, ಆ ಅಕ್ಷರಗಳನ್ನಷ್ಟೇ ತುಂಬುತ್ತಿದ್ದಳು. ಇಟ್ಟಿಗೆ ಕಾಯುವ ಹೆಂಗಸು ಬಟ್ಟಲು ಹಿಡಿದು ನಿಲ್ಲುತ್ತಿದ್ದರು.

ಕೊನೆಯ ಸಲ ಅವರು ಬಂದದ್ದು 2004ರಲ್ಲಿ, ಗಾಲಿಕುರ್ಚಿಯಲ್ಲಿ. ಪಾರ್ಶ್ವವಾಯು ಬಡಿದು ಬಲಗೈ ಸೋತಿತ್ತು, ಅರ್ಧ ಮಾತೂ ಹೋಗಿತ್ತು. ಗುರುದೇವಿ ಕುರ್ಚಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಮಗುವಿಗೆ ಅಕ್ಷರ ತಿದ್ದಿಸುವಂತೆ ಆ ಸೋತ ಬೆರಳನ್ನು ತನ್ನ ಕೈಯಲ್ಲಿ ಹಿಡಿದು, ಸುಣ್ಣದಲ್ಲಿ ಅದ್ದಿ, ಮೊದಲ ಗೀರಿನ ಮೇಲೆ ಇಟ್ಟಳು.

"ಸಾವಕಾಶ, ಅಕ್ಕೋರ," ಎಂದಳು. "ನಿಮ್ಮ ಅಪ್ಪಾರ ಹೆಸರದು. ನೀವ ಬರೀರಿ."